ಸ್ಥೂಲಚರ್ಮಿಗಳು: ಆನೆ, ಖಡ್ಗಮೃಗ, ನೀರ್ಗುದುರೆ

ಎಷ್ಟು ಹೇಳಿದರೂ ಮನಸ್ಸಿಗೆ ಹಚ್ಚಿಕೊಳ್ಳದ ವ್ಯಕ್ತಿಯನ್ನು ‘ದಪ್ಪ ಚರ್ಮದವನು’ ಎಂದು ಕರೆಯುವುದು ಲೋಕರೂಢಿ. ‘ಎಮ್ಮೆಯ ಮೇಲೆ ಮಳೆ ಸುರಿದಂತೆ’ ಎಂಬ ನಾಣ್ಣುಡಿಯೂ ಇದೇ ಅರ್ಥವುಳ್ಳದ್ದು. ಚರ್ಮವು ದಪ್ಪವಾದಷ್ಟೂ ಒಳಗಿರುವ ಜೀವಕ್ಕೆ ನೋವು ನಲಿವುಗಳ ಅರಿವು ಕಡಿಮೆಯೆಂಬ ನಂಬಿಕೆಯು ಈ ಮಾತುಗಳ ಹಿಂದೆ ಅಡಗಿದೆ. ಆದರೆ ದಪ್ಪ ಚರ್ಮಕ್ಕೇ ಹೆಸರಾದ ಆನೆ, ಖಡ್ಗಮೃಗ, ನೀರ್ಗುದುರೆಗಳ ದೇಹರಚನೆಯನ್ನೂ ಜೀವನಕ್ರಮವನ್ನೂ ಪರಿಶೀಲಿಸಿದಾಗ ಈ ನಂಬಿಕೆಯು ನಿಜವಲ್ಲವೆಂಬುದು ತಿಳಿದುಬರುತ್ತದೆ. ಈ ಮೂರೂ ಪ್ರಾಣಿಗಳು ಸ್ತನ್ಯಪಾನ ಮಾಡಿಸಿ ಮರಿಗಳನ್ನು ಬೆಳೆಸುವ ಸಸ್ತನಿಗಳು. ಮೂರೂ ಹುಲ್ಲು, ಸೊಪ್ಪು, ತೊಗಟೆಗಳನ್ನು ತಿಂದು ಜೀವಿಸುವ ಸಸ್ಯಾಹಾರಿಗಳು. ಮೂರೂ ಭಾರಿ ಗಾತ್ರದವು. ಸಿಂಹ, ಹುಲಿಗಳೂ ಇವುಗಳ ಪೂರ್ಣಬೆಳೆದ ದೇಹದ ಮೇಲೆ ಎರಗಲು ಹಿಂಜರಿಯುತ್ತವೆ. ಇಂಥ ಮಹಾಕಾಯದ ಜೀವಿಗಳೇ ಇಂದು ಅಳಿವಿನ ಅಂಚಿಗೆ ಬಂದು ನಿಂತಿರುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹೆಸರಿನ ಹಿನ್ನೆಲೆ

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕ್ಯೂವಿಯೆ ಮತ್ತು ಅವನ ಸಮಕಾಲೀನರು ಪ್ರಾಣಿಗಳನ್ನು ಬಾಹ್ಯ ಲಕ್ಷಣಗಳಿಗನುಸಾರವಾಗಿ ವರ್ಗೀಕರಿಸುವಾಗ ಆನೆ, ಖಡ್ಗಮೃಗ, ನೀರ್ಗುದುರೆ ಮೊದಲಾದವುಗಳನ್ನು ಒಂದೇ ಗುಂಪಿಗೆ ಸೇರಿಸಿದರು. ಗ್ರೀಕ್ ಭಾಷೆಯಲ್ಲಿ ‘ಪಾಕಿಸ್’ ಎಂದರೆ ದಪ್ಪ, ‘ಡರ್ಮ’ ಎಂದರೆ ಚರ್ಮ. ಈ ಎರಡು ಶಬ್ದಗಳಿಂದ ‘ಪ್ಯಾಕಿಡರ್ಮ್’ ಎಂಬ ಹೆಸರು ಹುಟ್ಟಿತು. ಕನ್ನಡದಲ್ಲಿ ಇದನ್ನು ‘ಸ್ಥೂಲಚರ್ಮಿ’ ಎನ್ನಬಹುದು.

ವಿಜ್ಞಾನವು ಬೆಳೆದಂತೆ ಈ ಗುಂಪು ಒಡೆದುಹೋಯಿತು. ಹಲ್ಲು, ಮೂಳೆ, ಗೊರಸು, ಪಳೆಯುಳಿಕೆಗಳ ಅಧ್ಯಯನವೂ ಅನಂತರ ವಂಶವಾಹಿಗಳ ಅಧ್ಯಯನವೂ ತೋರಿಸಿಕೊಟ್ಟ ಬಂಧುತ್ವಗಳು ಅಚ್ಚರಿಯನ್ನುಂಟುಮಾಡುವಂಥವು. ಆನೆಯ ಹತ್ತಿರದ ಬಂಧುಗಳು ಸಮುದ್ರದಲ್ಲಿ ಹುಲ್ಲು ಮೇಯುವ ಕಡಲ ಹಸು ಮತ್ತು ಆಫ್ರಿಕದ ಬಂಡೆಗಳ ಸಂದಿನಲ್ಲಿ ವಾಸಿಸುವ, ಮೊಲದಷ್ಟೇ ಗಾತ್ರದ ಹೈರಾಕ್ಸ್. ಖಡ್ಗಮೃಗವು ಕುದುರೆಯ ಬಳಗಕ್ಕೆ ಸೇರಿದ್ದು. ಅದರ ಪಾದಕ್ಕೆ ಮೂರು ಬೆರಳುಗಳು. ನೀರ್ಗುದುರೆಯ ಹೆಸರಿನಲ್ಲಿ ಕುದುರೆಯಿದ್ದರೂ, ಜನರು ಅದನ್ನು ‘ನೀರಾನೆ’ ಎಂದು ಕರೆದರೂ, ಅದು ಕುದುರೆಯ ಕುಲಕ್ಕಾಗಲಿ ಆನೆಯ ಕುಲಕ್ಕಾಗಲಿ ಸೇರಿಲ್ಲ. ಇಂದು ಜೀವಿಸಿರುವ ಪ್ರಾಣಿಗಳಲ್ಲಿ ಅದರ ಅತಿ ಹತ್ತಿರದ ಬಂಧುಗಳು ತಿಮಿಂಗಿಲಗಳು ಮತ್ತು ಡಾಲ್ಫಿನ್‌ಗಳು. ಆದುದರಿಂದ ‘ಸ್ಥೂಲಚರ್ಮಿ’ ಎಂಬುದು ಈಗ ವಂಶಸೂಚಕವಾದ ಶಾಸ್ತ್ರೀಯ ನಾಮವಾಗಿ ಉಳಿದಿಲ್ಲ. ಬಳಕೆಯ ಮಾತಾಗಿ ಮಾತ್ರ ಉಳಿದಿದೆ. ಬೇರೆ ಬೇರೆ ಮೂಲದಿಂದ ಬಂದ ಪ್ರಾಣಿಗಳು ಒಂದೇ ಬಗೆಯ ಜೀವನವನ್ನು ಆಯ್ದುಕೊಂಡಾಗ ಅವುಗಳ ಹೊರರೂಪದಲ್ಲಿಯೂ ಹೋಲಿಕೆ ಮೂಡುವುದೆಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಕವಚವೆಂದು ತಿಳಿದ ಚರ್ಮ

ಖಡ್ಗಮೃಗದ ಚರ್ಮವನ್ನು ಕಬ್ಬಿಣದ ಕವಚವೆಂದು ಜಗತ್ತು ಬಹುಕಾಲ ನಂಬಿತ್ತು. ಇದರ ಹಿಂದೆ ಭಾರತಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ಕಥೆಯಿದೆ. 1514ರಲ್ಲಿ ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಾ ಪೋರ್ಚುಗೀಸರ ಗವರ್ನರನಾಗಿದ್ದ ಅಲ್ಬುಕರ್ಕನಿಗೆ ಒಂದು ಖಡ್ಗಮೃಗವನ್ನು ಕಾಣಿಕೆಯಾಗಿ ಕೊಟ್ಟನು. ಅಲ್ಬುಕರ್ಕನು ಅದನ್ನು ಹಡಗಿನಲ್ಲಿ ತನ್ನ ದೊರೆಯಾದ ಮ್ಯಾನ್ಯುಯೆಲನಿಗೆ ಕಳುಹಿಸಿದನು. 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್ ನಗರವನ್ನು ಸೇರಿತು. ಜರ್ಮನಿಯ ಮಹಾಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಆ ಪ್ರಾಣಿಯನ್ನು ಕಣ್ಣಾರೆ ಕಾಣದೆ, ಬೇರೆಯವರು ಬರೆದ ವಿವರಣೆಯನ್ನೂ ರೇಖಾಚಿತ್ರವನ್ನೂ ಆಧರಿಸಿ ಅದರ ಚಿತ್ರವನ್ನು ಮರದ ಅಚ್ಚಿನಲ್ಲಿ ಮುದ್ರಿಸಿದನು. ಅದರಲ್ಲಿ ಚರ್ಮದ ಮಡಿಕೆಗಳು ಮೊಳೆ ಹೊಡೆದು ಜೋಡಿಸಿದ ಲೋಹದ ಹಲಗೆಗಳಂತೆ ಕಾಣುತ್ತವೆ. ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಮೂಡಿದೆ. ಯುರೋಪಿನ ಜನರು ಸುಮಾರು ಹದಿನೆಂಟನೆಯ ಶತಮಾನದವರೆಗೂ ಖಡ್ಗಮೃಗವೆಂದರೆ ಹೀಗೆಯೇ ಇರುವುದೆಂದು ತಿಳಿದಿದ್ದರು. ಆ ನಿಜವಾದ ಖಡ್ಗಮೃಗದ ಗತಿಯಾದರೋ ಶೋಚನೀಯ. 1516ರಲ್ಲಿ ಪೋಪರಿಗೆ ಕಾಣಿಕೆಯಾಗಿ ಕಳುಹಿಸಿದಾಗ ಇಟಲಿಯ ತೀರದ ಬಳಿ ಹಡಗು ಮುಳುಗಿ ಅದು ಸತ್ತುಹೋಯಿತು.

ವಾಸ್ತವವಾಗಿ ಖಡ್ಗಮೃಗದ ಚರ್ಮವು ಜೀವಂತವಾದ ಅಂಗ. ಅದರ ಒಳಪದರದಲ್ಲಿ ಗಟ್ಟಿಯಾದ ನಾರೆಳೆಗಳು ಬುಟ್ಟಿ ಹೆಣೆದಂತೆ ಅಡ್ಡಡ್ಡವಾಗಿ ಹೆಣೆದುಕೊಂಡಿವೆ. ಗಂಡುಗಳು ತಮ್ಮತಮ್ಮೊಳಗೆ ಹೋರಾಡುವಾಗ ಕೊಂಬಿನ ಅಥವಾ ಹಲ್ಲಿನ ತಿವಿತವನ್ನು ತಡೆಯಲು ಈ ಹೆಣಿಗೆಯು ನೆರವಾಗುತ್ತದೆ. ಆದರೆ ಹೊರಪದರವು ತೆಳುವಾಗಿದ್ದು, ಸೊಳ್ಳೆ, ನೊಣ, ಉಣ್ಣೆಗಳ ಕಾಟಕ್ಕೂ ಬಿಸಿಲಿನ ತಾಪಕ್ಕೂ ಸುಲಭವಾಗಿ ತುತ್ತಾಗುತ್ತದೆ. ಕೆಸರಿನಲ್ಲಿ ಹೊರಳುವುದು ಈ ಪ್ರಾಣಿಗೆ ವಿನೋದಕ್ಕಿಂತ ಹೆಚ್ಚಾಗಿ ಒಂದು ಅವಶ್ಯಕತೆ. ಮೈಗೆ ಮೆತ್ತಿಕೊಂಡ ಮಣ್ಣೇ ಅದಕ್ಕೆ ಔಷಧಿಯೂ ಹೊದಿಕೆಯೂ ಆಗುತ್ತದೆ.

ಆನೆಯ ಬೆನ್ನಿನ ಚರ್ಮವು ಸುಮಾರು 2.5 ಸೆಂಟಿಮೀಟರಿನಷ್ಟು ದಪ್ಪವಿದ್ದರೂ ಕಿವಿಯ ಹಿಂಭಾಗದಲ್ಲಿಯೂ ಬಾಯಿಯ ಸುತ್ತಲೂ ಅದು ಬಹಳ ತೆಳುವಾಗಿದೆ. ಮಾವುತನು ಆನೆಯ ಕೊರಳ ಮೇಲೆ ಕುಳಿತು ಅದರ ಕಿವಿಗಳ ಹಿಂದೆ ತನ್ನ ಕಾಲ್ಬೆರಳುಗಳಿಂದ ಒತ್ತಿ ಸೂಚನೆ ಕೊಡುವುದನ್ನು ಮೈಸೂರಿನ ದಸರಾ ಮೆರವಣಿಗೆಯನ್ನು ನೋಡಿದವರೆಲ್ಲರೂ ಗಮನಿಸಿರಬಹುದು. ಹಲವು ಸಾವಿರ ಕಿಲೋಗ್ರಾಂ ತೂಗುವ ಪ್ರಾಣಿಯು ಒಂದು ಹೆಬ್ಬೆರಳಿನ ಮೃದುವಾದ ಒತ್ತಡವನ್ನು ಅರಿತು ಎಡಕ್ಕೋ ಬಲಕ್ಕೋ ತಿರುಗುತ್ತದೆ. ದಪ್ಪ ಚರ್ಮವೆಂದರೆ ಜಡತ್ವವೆಂಬ ಕಲ್ಪನೆಯನ್ನು ಸುಳ್ಳಾಗಿಸಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆನೆಗೆ ಮನುಷ್ಯನಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ಆಫ್ರಿಕದ ಆನೆಯ ಚರ್ಮದಲ್ಲಿರುವ ಸೂಕ್ಷ್ಮವಾದ ಬಿರುಕುಗಳ ಜಾಲವನ್ನು ಕುರಿತು 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಈ ಬಿರುಕುಗಳು ನಯವಾದ ಚರ್ಮಕ್ಕಿಂತ 5ರಿಂದ 10 ಪಟ್ಟು ಹೆಚ್ಚು ನೀರನ್ನು ಹಿಡಿದಿಡುತ್ತವೆ. ಆ ತೇವವು ನಿಧಾನವಾಗಿ ಆರುತ್ತ ದೇಹವನ್ನು ತಂಪಾಗಿಸುತ್ತದೆ. ಮೊರದಗಲದ ಕಿವಿಗಳೂ ಇದೇ ಕೆಲಸದಲ್ಲಿ ತೊಡಗಿವೆ. ಅವುಗಳಲ್ಲಿ ರಕ್ತನಾಳಗಳು ಹೇರಳವಾಗಿದ್ದು, ಕಿವಿ ಬೀಸಿದಾಗ ಅಲ್ಲಿ ಹರಿಯುವ ರಕ್ತವು ತಣಿದು ದೇಹಕ್ಕೆ ಮರಳುತ್ತದೆ.

ನೀರ್ಗುದುರೆಯ ಚರ್ಮವು ಕೆಲವೆಡೆ ಸುಮಾರು 5 ಸೆಂಟಿಮೀಟರ್ ದಪ್ಪವಿದೆ. ಆದರೂ ಅದರ ಹೊರಪದರವು ಎಷ್ಟು ತೆಳುವೆಂದರೆ ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಂತರೆ ನೀರಿನಂಶವನ್ನು ಕಳೆದುಕೊಂಡು ಒಡೆಯತೊಡಗುತ್ತದೆ. ಆದುದರಿಂದಲೇ ಆ ಪ್ರಾಣಿಯು ಹಗಲೆಲ್ಲ ಆಫ್ರಿಕದ ನದಿ ಸರೋವರಗಳಲ್ಲಿ ಮುಳುಗಿದ್ದು ರಾತ್ರಿ ಮಾತ್ರ ದಡಕ್ಕೆ ಬಂದು ಹುಲ್ಲು ಮೇಯುತ್ತದೆ. ಅದರ ಮೈಯಿಂದ ಕೆಂಬಣ್ಣದ ದ್ರವವೊಂದು ಒಸರುತ್ತದೆ. ಹಿಂದಿನವರು ಇದನ್ನು ‘ರಕ್ತದ ಬೆವರು’ ಎಂದು ಭಾವಿಸಿದ್ದರು. ಇದು ರಕ್ತವೂ ಅಲ್ಲ, ಬೆವರೂ ಅಲ್ಲ. ಅದರಲ್ಲಿರುವ ಕೆಂಪು ಮತ್ತು ಕಿತ್ತಳೆ ವರ್ಣದ್ರವ್ಯಗಳು ಬಿಸಿಲಿನ ಹಾನಿಕಾರಕ ಕಿರಣಗಳನ್ನು ಹೀರಿಕೊಳ್ಳುತ್ತವೆಂದೂ, ಕೆಂಪು ದ್ರವ್ಯವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಂದೂ ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು.

ಬೃಹದ್ದೇಹದ ಗಣಿತ

ಈ ಪ್ರಾಣಿಗಳಿಗೆ ಇಷ್ಟು ದೊಡ್ಡ ದೇಹವೇಕೆ ಎಂಬ ಪ್ರಶ್ನೆಗೆ ಶಾಲೆಯ ಗಣಿತವೇ ಉತ್ತರ ಕೊಡುತ್ತದೆ. ಒಂದು ಸೆಂಟಿಮೀಟರ್ ಅಂಚಿನ ಮಣ್ಣಿನ ಘನವೊಂದನ್ನೂ ಎರಡು ಸೆಂಟಿಮೀಟರ್ ಅಂಚಿನ ಮತ್ತೊಂದನ್ನೂ ಮಾಡಿ ಹೋಲಿಸಿದರೆ, ಎರಡನೆಯದರ ಹೊರಮೈ 4 ಪಟ್ಟು ಹೆಚ್ಚುತ್ತದೆ. ಆದರೆ ಅದರ ಗಾತ್ರವೂ ತೂಕವೂ 8 ಪಟ್ಟು ಹೆಚ್ಚುತ್ತವೆ. ಅಂದರೆ ದೇಹವು ದೊಡ್ಡದಾದಂತೆ ತೂಕಕ್ಕೆ ಹೋಲಿಸಿದಾಗ ಹೊರಮೈ ಕಡಿಮೆಯಾಗುತ್ತ ಹೋಗುತ್ತದೆ. ಶಾಖವು ಹೊರಮೈಯ ಮೂಲಕವೇ ಹೊರಗೆ ಹೋಗಬೇಕಾದುದರಿಂದ ದೊಡ್ಡ ಪ್ರಾಣಿಯು ತನ್ನ ಶಾಖವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ. ಇಲಿಯು ತನ್ನ ತೂಕದ ಪ್ರತಿ ಗ್ರಾಮಿಗೆ ಬಹಳ ಆಹಾರವನ್ನು ಉರಿಸಬೇಕು. ಆನೆಗೆ ಅಷ್ಟು ಬೇಕಿಲ್ಲ. ಈ ಉಳಿತಾಯದ ಫಲವಾಗಿ ಬೇರೆ ಪ್ರಾಣಿಗಳು ಮುಟ್ಟದ ಒರಟಾದ ಹುಲ್ಲು, ನಾರುಳ್ಳ ಕೊಂಬೆ, ತೊಗಟೆಗಳಿಂದಲೂ ದೊಡ್ಡ ಪ್ರಾಣಿಯು ಬದುಕಬಲ್ಲದು. ಇದೇ ಲೆಕ್ಕದ ಇನ್ನೊಂದು ಮುಖವೆಂದರೆ ಬೇಸಿಗೆಯಲ್ಲಿ ಮೈ ತಣಿಸಿಕೊಳ್ಳುವುದು ಕಷ್ಟ. ಕೆಸರು, ನೀರು, ನೆರಳುಗಳಿಲ್ಲದೆ ಈ ಪ್ರಾಣಿಗಳು ಬಾಳಲಾರವು.

ಭಾರವನ್ನು ಹೊರುವ ಆನೆಯ ಕಾಲುಗಳು ಕಂಬಗಳಂತೆ ನೇರವಾಗಿವೆ. ಪಾದದ ಅಡಿಯಲ್ಲಿ ಕೊಬ್ಬು ಮತ್ತು ನಾರಿನ ಮೆತ್ತೆಯಿದ್ದು ಹೆಜ್ಜೆಯೂರಿದಾಗ ಅದು ಅಗಲವಾಗುತ್ತದೆ. ಇದರಿಂದಾಗಿ ಕಾಡಿನಲ್ಲಿ ಆನೆಯು ಸದ್ದಿಲ್ಲದೆ ನಡೆದುಹೋಗಬಲ್ಲದು.

ಆಹಾರ ಮತ್ತು ಜೀರ್ಣಕ್ರಿಯೆ

ಸಸ್ಯಗಳ ಮುಖ್ಯ ವಸ್ತುವಾದ ನಾರನ್ನು ಜೀರ್ಣಿಸಿಕೊಳ್ಳುವ ಶಕ್ತಿ ಯಾವ ಸಸ್ತನಿಗೂ ಸ್ವತಃ ಇಲ್ಲ. ಹೊಟ್ಟೆಯಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಕೊಡಬೇಕು. ಹಸುವಿನಲ್ಲಿ ಈ ಕ್ರಿಯೆಯು ಜಠರದ ಮುಂಭಾಗದಲ್ಲಿ ನಡೆಯುತ್ತದೆ. ಅದು ಮೆಲುಕು ಹಾಕುತ್ತದೆ. ಆನೆ ಮತ್ತು ಖಡ್ಗಮೃಗಗಳಲ್ಲಿ ಇದು ಕರುಳಿನ ಹಿಂಭಾಗದಲ್ಲಿ ನಡೆಯುತ್ತದೆ; ಅವು ಮೆಲುಕು ಹಾಕುವುದಿಲ್ಲ. ಆಹಾರವು ಬೇಗನೆ ಸಾಗಿಹೋಗುವುದರಿಂದ ಆನೆಯು ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ಈ ಕೊರತೆಯನ್ನು ಅದು ಪ್ರಮಾಣದಿಂದ ತುಂಬಿಕೊಳ್ಳುತ್ತದೆ. ದೊಡ್ಡ ಆನೆಯೊಂದು ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವನ್ನು ತಿಂದು 100 ಲೀಟರಿಗೂ ಹೆಚ್ಚು ನೀರನ್ನು ಕುಡಿಯುತ್ತದೆ. ದಿನದ ಬಹುಭಾಗವನ್ನು ಮೇಯುವುದರಲ್ಲಿಯೇ ಕಳೆಯುತ್ತದೆ. ನೀರ್ಗುದುರೆಯ ಜಠರದಲ್ಲಿ ಹಲವು ಕೋಣೆಗಳಿದ್ದರೂ ಅದು ಮೆಲುಕು ಹಾಕುವುದಿಲ್ಲ. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸುವುದರಿಂದ ರಾತ್ರಿಗೆ ಸುಮಾರು 40 ಕಿಲೋಗ್ರಾಂ ಹುಲ್ಲು ಅದಕ್ಕೆ ಸಾಕಾಗುತ್ತದೆ.

ಆನೆಯ ದವಡೆ ಹಲ್ಲುಗಳ ವ್ಯವಸ್ಥೆ ವಿಶಿಷ್ಟವಾದುದು. ಅವು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಸರಿಯುತ್ತ, ಸವೆದಂತೆ ಉದುರಿ ಹೊಸವುಗಳಿಗೆ ಎಡೆಮಾಡಿಕೊಡುತ್ತವೆ. ಜೀವಮಾನದಲ್ಲಿ ಇಂಥ 6 ಸರದಿಗಳು ಮಾತ್ರ. ಅರವತ್ತರ ಆಸುಪಾಸಿನಲ್ಲಿ ಕೊನೆಯ ಸರದಿಯೂ ಸವೆದಾಗ ಮುದಿ ಆನೆಯು ಮೇವಿನ ನಡುವೆ ನಿಂತೂ ಅಗಿಯಲಾರದೆ ಸೊರಗುತ್ತದೆ.

ಈ ಮಹಾಭೋಜನದಿಂದ ಕಾಡಿಗೆ ನಷ್ಟವೇ ಹೊರತು ಲಾಭವಿಲ್ಲವೆಂದು ತಿಳಿಯುವುದು ಸರಿಯಲ್ಲ. ಜೀರ್ಣವಾಗದೆ ಲದ್ದಿಯೊಡನೆ ಹೊರಬೀಳುವ ಬೀಜಗಳು ತಾಯಿಮರದಿಂದ ಬಹುದೂರದಲ್ಲಿ ಗೊಬ್ಬರಸಹಿತವಾಗಿ ಬಿತ್ತನೆಯಾಗುತ್ತವೆ. ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳನ್ನು ಆನೆಯು ತೋಡಿದಾಗ ಬರುವ ನೀರು ಉಳಿದ ಪ್ರಾಣಿಗಳಿಗೂ ದೊರೆಯುತ್ತದೆ. ‘ಆನೆ ನಡೆದದ್ದೇ ದಾರಿ’ ಎಂಬ ಗಾದೆಯು ಕಾಡಿನ ಮಟ್ಟಿಗೆ ಅಕ್ಷರಶಃ ಸತ್ಯ. ನೀರ್ಗುದುರೆಯು ದಡದ ಹುಲ್ಲಿನ ಸಾರವನ್ನು ನದಿಗೆ ಸಾಗಿಸಿ ಜಲಚರಗಳಿಗೆ ಆಹಾರವನ್ನೊದಗಿಸುತ್ತದೆ.

ಇಂದ್ರಿಯಗಳು ಮತ್ತು ಸಂಸಾರ

ಖಡ್ಗಮೃಗದ ದೃಷ್ಟಿ ಮಂದವಾದರೂ ಅದರ ಮೂಗು, ಕಿವಿಗಳು ಅತಿ ಚುರುಕು. ಆನೆಗಳ ಸಂಭಾಷಣೆಯಾದರೋ ಮಾನವನ ಕಿವಿಗೆ ನಿಲುಕದ ಸ್ವರಗಳಲ್ಲಿಯೂ ನಡೆಯುತ್ತದೆ. 1984ರಲ್ಲಿ ಅಮೆರಿಕದ ಕೇಟಿ ಪೇನ್ ಎಂಬ ಸಂಶೋಧಕಿಯು ಮೃಗಾಲಯವೊಂದರಲ್ಲಿ ಆನೆಗಳ ಬಳಿ ನಿಂತಿದ್ದಾಗ, ಸದ್ದು ಕೇಳಿಸದಿದ್ದರೂ ಗಾಳಿಯಲ್ಲೊಂದು ಕಂಪನವನ್ನು ಅನುಭವಿಸಿದರು. ಅದನ್ನು ಯಂತ್ರಗಳಿಂದ ಪರೀಕ್ಷಿಸಿದಾಗ ಆನೆಗಳು ಅತಿ ತಗ್ಗಿನ ಧ್ವನಿಯಲ್ಲಿ ಮಾತನಾಡಿಕೊಳ್ಳುವುದು ಸಿದ್ಧಪಟ್ಟಿತು. ಈ ಧ್ವನಿಯು ಕಾಡನ್ನು ದಾಟಿ ಹಲವು ಕಿಲೋಮೀಟರುಗಳವರೆಗೆ ಸಾಗಬಲ್ಲದು.

ಆನೆಯ ಹಿಂಡಿಗೆ ಹಿರಿಯ ಹೆಣ್ಣಾನೆಯೇ ಯಜಮಾನಿ. ಬರಗಾಲದಲ್ಲಿ ನೀರು ಎಲ್ಲಿ ಸಿಗುವುದೆಂಬ ನೆನಪು ಅವಳಲ್ಲಿದೆ. ಅವಳೊಬ್ಬಳು ಗುಂಡಿಗೆ ಬಲಿಯಾದರೆ ಹಿಂಡು ಕಳೆದುಕೊಳ್ಳುವುದು ಒಂದು ಜೀವವನ್ನಷ್ಟೇ ಅಲ್ಲದೆ ದಶಕಗಳ ಅನುಭವವನ್ನೂ ಎನ್ನಬೇಕು.

ಬಲದಲ್ಲಿ ಅಡಗಿದ ದೌರ್ಬಲ್ಯ

ಬೃಹತ್ಕಾಯಕ್ಕೆ ತೆರಬೇಕಾದ ಬೆಲೆಯೆಂದರೆ ನಿಧಾನವಾದ ಸಂತಾನಾಭಿವೃದ್ಧಿ. ಆನೆಯ ಗರ್ಭಾವಧಿ ಸುಮಾರು 22 ತಿಂಗಳು. ಖಡ್ಗಮೃಗದ್ದು ಸುಮಾರು 16 ತಿಂಗಳು. ನೀರ್ಗುದುರೆಯದು ಸುಮಾರು 8 ತಿಂಗಳು. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ. ಹೆಣ್ಣಾನೆಯು ಎರಡು ಹೆರಿಗೆಗಳ ನಡುವೆ ನಾಲ್ಕೈದು ವರ್ಷಗಳ ಅಂತರವನ್ನಿಡುತ್ತದೆ. ಸಹಜ ಶತ್ರುಗಳು ಕಡಿಮೆಯಿದ್ದ ಕಾಲದಲ್ಲಿ ಇಷ್ಟೇ ಸಾಕಾಗಿತ್ತು. ಆದರೆ ಬಂದೂಕು ಹಿಡಿದ ಮಾನವನ ಮುಂದೆ ಈ ಲೆಕ್ಕವು ತಲೆಕೆಳಗಾಯಿತು. ಮೊಲವು ಒಂದೇ ವರ್ಷದಲ್ಲಿ ತುಂಬಿಕೊಡುವ ನಷ್ಟವನ್ನು ಆನೆಯ ಹಿಂಡು ಒಂದು ತಲೆಮಾರಿನಲ್ಲಿಯೂ ತುಂಬಿಕೊಳ್ಳಲಾರದು.

ಈ ಪ್ರಾಣಿಗಳ ಕೊಲೆಗೆ ಕಾರಣವಾದ ವಸ್ತುಗಳು ಕ್ಷುಲ್ಲಕವಾದವು. ಆನೆಯ ದಂತವು ಉದ್ದಕ್ಕೆ ಬೆಳೆದ ಬಾಚಿ ಹಲ್ಲು. ಖಡ್ಗಮೃಗದ ಕೊಂಬಿನಲ್ಲಿ ಎಲುಬೇ ಇಲ್ಲ. ಅದು ಮನುಷ್ಯನ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಾದುದು. ಔಷಧವೆಂದು ಅದನ್ನು ತೇದು ಕುಡಿಯುವವನು ತನ್ನ ಉಗುರನ್ನು ಕಚ್ಚಿಕೊಂಡರೂ ಅಷ್ಟೇ ಫಲವನ್ನು ಪಡೆಯಬಹುದು. ಆದರೂ ಈ ಭ್ರಮೆಗೆ ಬಲಿಯಾದ ಜೀವಗಳು ಅಸಂಖ್ಯ. ಆಫ್ರಿಕದ ಉತ್ತರದ ಬಿಳಿ ಖಡ್ಗಮೃಗದ ಕೊನೆಯ ಗಂಡಾದ ‘ಸುಡಾನ್’ 2018ರ ಮಾರ್ಚ್ 19ರಂದು ಕೀನ್ಯಾ ದೇಶದಲ್ಲಿ ಸತ್ತಿತು. ಅದರ ಹಿಂದೆ ಉಳಿದವು ಎರಡೇ ಹೆಣ್ಣುಗಳು: ಅದರ ಮಗಳು ಮತ್ತು ಮೊಮ್ಮಗಳು.

ನಿರಾಶೆಗೆ ಮಾತ್ರ ಕಾರಣವಿಲ್ಲ. ದಕ್ಷಿಣದ ಬಿಳಿ ಖಡ್ಗಮೃಗಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೂರಕ್ಕಿಂತ ಕಡಿಮೆಯಾಗಿದ್ದರೂ ರಕ್ಷಣೆ ದೊರೆತ ಮೇಲೆ ಹದಿನೈದು ಸಾವಿರವನ್ನು ಮೀರಿ ಬೆಳೆದವು. ಅಸ್ಸಾಮಿನ ಕಾಜಿರಂಗದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಒಂಟಿಕೊಂಬಿನ ಖಡ್ಗಮೃಗಗಳು ಅತ್ಯಲ್ಪವಾಗಿದ್ದವು. 1905ರಿಂದ ಅಲ್ಲಿ ಸಂರಕ್ಷಣೆಯ ಕಾರ್ಯ ಮೊದಲಾಗಿ 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 2022ರ ಗಣತಿಯಲ್ಲಿ ಅಲ್ಲಿ 2,613 ಖಡ್ಗಮೃಗಗಳು ಕಂಡುಬಂದವು. 2021ರ ಸೆಪ್ಟೆಂಬರ್ 22ರಂದು ಅಸ್ಸಾಂ ಸರ್ಕಾರವು ತನ್ನ ಖಜಾನೆಗಳಲ್ಲಿದ್ದ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟು, ಅವುಗಳಿಗೆ ಔಷಧೀಯ ಬೆಲೆಯಿಲ್ಲವೆಂಬುದನ್ನು ಸಾರಿತು.

ಕನ್ನಡನಾಡು ಮತ್ತು ಆನೆ

ಈ ಮೂರು ಪ್ರಾಣಿಗಳಲ್ಲಿ ಕನ್ನಡನಾಡಿನ ಕಾಡುಗಳಲ್ಲಿರುವುದು ಆನೆ ಮಾತ್ರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಆನೆಗಳನ್ನು ಹಿಡಿಯುವ, ಪಳಗಿಸುವ ವಿಧಾನಗಳ ವಿವರಣೆಯಿದೆ. ಹೊಯ್ಸಳ ದೇವಾಲಯಗಳ ತಳಪಟ್ಟಿಕೆಯಲ್ಲಿ ಆನೆಗಳ ಸಾಲು ಇಡೀ ಗುಡಿಯ ಭಾರವನ್ನು ಹೊತ್ತಂತೆ ನಿಂತಿದೆ. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್‌ಸನ್ ಎಂಬ ಅಧಿಕಾರಿಯು 1870ರ ದಶಕದಲ್ಲಿ ಆರಂಭಿಸಿದ ಖೆಡ್ಡಾ ಪದ್ಧತಿಯು ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಗೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1992ರಲ್ಲಿ ಆರಂಭವಾದ ಆನೆ ಯೋಜನೆಯೂ ಅನಂತರದ ಮೈಲಿಗಲ್ಲುಗಳು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ವಾಹನ ಸಂಚಾರವನ್ನು ನಿಷೇಧಿಸಲಾಯಿತು. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿದ್ದು, ಭಾರತದ ರಾಜ್ಯಗಳಲ್ಲಿ ಕರ್ನಾಟಕವು ಮೊದಲ ಸ್ಥಾನದಲ್ಲಿದೆ.

ಈ ಹೆಮ್ಮೆಯ ಜೊತೆಗೆ ಹೊಣೆಯೂ ಬಂದಿದೆ. ಆನೆಯ ಹಳೆಯ ದಾರಿಗಳು ತೋಟ, ರಸ್ತೆ, ಕಾಲುವೆ, ಜಲಾಶಯಗಳಿಂದ ತುಂಡಾಗಿವೆ. ಹಾಸನ, ಕೊಡಗು, ಚಾಮರಾಜನಗರ ಜಿಲ್ಲೆಗಳಲ್ಲಿ ವರ್ಷವಿಡೀ ದುಡಿದ ರೈತನ ಭತ್ತ, ರಾಗಿ, ಬಾಳೆಗಳು ಒಂದೇ ರಾತ್ರಿಯಲ್ಲಿ ನೆಲಸಮವಾಗುವುದುಂಟು. ಮನುಷ್ಯರ ಪ್ರಾಣಹಾನಿಯೂ ಉಂಟು. ಅಂಥ ರೈತನ ದುಃಖವನ್ನು ಕಡೆಗಣಿಸಿ ಆನೆಯ ರಕ್ಷಣೆಯನ್ನು ಬೋಧಿಸುವುದು ನ್ಯಾಯವಲ್ಲ. ತಕ್ಕ ಪರಿಹಾರವನ್ನು ತಡವಿಲ್ಲದೆ ನೀಡುವುದು, ಆನೆದಾರಿಗಳನ್ನು ಬಿಡಿಸಿಕೊಡುವುದು, ಕಾಡಿನೊಳಗೆ ಮೇವು ನೀರುಗಳನ್ನು ಉಳಿಸುವುದು, ಇವೆಲ್ಲ ಒಟ್ಟಿಗೆ ಸಾಗಬೇಕಾದ ಕೆಲಸಗಳು.

ಈ ಸಂಘರ್ಷದ ಹೃದಯವಿದ್ರಾವಕ ಘಟನೆಯೊಂದು 2023ರ ಡಿಸೆಂಬರ್ 4ರಂದು ನಡೆಯಿತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಆ ಕಾಡಾನೆಯೊಡನೆ ಹೋರಾಡುತ್ತ ಮಡಿಯಿತು. ಅರವತ್ತು ದಾಟಿದ ಆ ಆನೆಯ ಸಾವಿಗೆ ನಾಡಿನ ಜನರು ಬಂಧುವನ್ನು ಕಳೆದುಕೊಂಡಂತೆ ಕಣ್ಣೀರಿಟ್ಟರು. ಊರಿಗೆ ಬಂದ ಕಾಡಾನೆಯನ್ನು ತಡೆಯಲು ಕಾಡಿನಿಂದಲೇ ತಂದು ಪಳಗಿಸಿದ ಆನೆಯನ್ನು ಕಳುಹಿಸಬೇಕಾಗಿ ಬಂದದ್ದು, ಕಾಡು ಮತ್ತು ಊರುಗಳ ನಡುವಿನ ಎಲ್ಲೆಯು ಎಷ್ಟು ಕುಸಿದಿದೆಯೆಂಬುದನ್ನು ತೋರಿಸುತ್ತದೆ.

ಉಪಸಂಹಾರ

ಸ್ಥೂಲಚರ್ಮಿಗಳ ಚರ್ಮವು ಬಿಸಿಲಿಗೆ ಬಾಡುತ್ತದೆ, ನೊಣದ ಕಡಿತಕ್ಕೆ ಅದುರುತ್ತದೆ, ಮಾವುತನ ಕಾಲ್ಬೆರಳಿನ ಭಾಷೆಯನ್ನು ಅರಿಯುತ್ತದೆ. ಹುಲಿ ಸಿಂಹಗಳಿಗೆ ಅಂಜದ ಈ ಜೀವಿಗಳು ಮಾನವನ ಲೋಭಕ್ಕೂ ಅಜ್ಞಾನಕ್ಕೂ ಎದುರಾಗಿ ನಿಲ್ಲಲಾರವು. ಇವುಗಳ ವಿಷಯವನ್ನು ಮಕ್ಕಳಿಗೆ ಬೋಧಿಸುವಾಗ ತೂಕ, ಎತ್ತರ, ಗರ್ಭಾವಧಿಗಳ ಅಂಕಿಗಳ ಜೊತೆಗೆ ಈ ಸೂಕ್ಷ್ಮತೆಯ ಪರಿಚಯವನ್ನೂ ಮಾಡಿಕೊಡುವುದು ಅಗತ್ಯ. ಒಂದು ಮರಿಗಾಗಿ ಇಪ್ಪತ್ತೆರಡು ತಿಂಗಳು ಕಾಯುವ ತಾಯಿಯ ಬಗೆಗೆ ತಿಳಿದ ಬಾಲಕನು ಮುಂದೆ ಅಧಿಕಾರಿಯಾಗಲಿ, ರೈತನಾಗಲಿ, ವರ್ತಕನಾಗಲಿ, ಆನೆದಾರಿಯೊಂದನ್ನು ಮುಚ್ಚುವ ಮುನ್ನ ಒಮ್ಮೆಯಾದರೂ ಯೋಚಿಸುವನು. ‘ದಪ್ಪ ಚರ್ಮ’ವೆಂಬ ಬಿರುದು ಈ ಮೂಕಪ್ರಾಣಿಗಳಿಗೆ ಸಲ್ಲದು, ಅದು ತನಗೇ ಸಲ್ಲದಂತೆ ನಡೆದುಕೊಳ್ಳುವುದು ಮಾನವನ ಕರ್ತವ್ಯ.